ಎರಡನೇ ತೂತಿನ ಕ್ಲಿಪ್ಪು

...ಅಥವಾ ಆ ದಿನ ಮಳೆಯೇ ಇರಲಿಲ್ಲವೇನೋ. ನೆಲ ಒದ್ದೆಯಾಗಿತ್ತು, ಅಷ್ಟು ಖಂಡಿತ. ಆದರೆ ಆ ಶೆಡ್ಡಿನ ನೆಲವನ್ನು ವಾರಕ್ಕೊಮ್ಮೆ ಪೈಪು ಹಿಡಿದು ತೊಳೆಯುತ್ತಿದ್ದರು, ಹಾಗಾಗಿ ಒದ್ದೆ ನೆಲ ಮಳೆಗೆ ಸಾಕ್ಷಿಯಲ್ಲ. ಇದನ್ನು ಯಾರಿಗಾದರೂ ಹೇಳುವಾಗಲೆಲ್ಲ ನಾನು ಮಳೆಯನ್ನು ಸೇರಿಸಿಯೇ ಹೇಳಿದ್ದೇನೆ. ಮಳೆಯಿದ್ದರೆ ನಾನು ಬೂಟುಗಳನ್ನು ಕಾರಿನೊಳಗೆ ತೆಗೆದುಕೊಂಡದ್ದಕ್ಕೆ ಒಂದು ಕಾರಣ ಸಿಗುತ್ತದೆ. ಇಷ್ಟು ಸಲೀಸಾಗಿ ಕಾರಣ ಒದಗಿಸುವ ನೆನಪುಗಳನ್ನು ನಾನು ಈಗ ನಂಬುವುದಿಲ್ಲ. ಮಳೆಯನ್ನು ಬಿಡುತ್ತೇನೆ. ನೆಲ ಒದ್ದೆ. ಬೂಟು ನನ್ನವು. ಜಾಗ ಜಪಾನಿನಲ್ಲಿ, ಟೋಕಿಯೊ ಆಚೆಗಿನ ಕಾಶಿವಾ ಎಂಬ ಊರಿನ ಹೊರವಲಯದಲ್ಲಿ, ಕಾರಿನ ಸೀಟು ತಯಾರಿಸುವ ಒಂದು ಕಂಪನಿಯ ಪರೀಕ್ಷಾ ಶೆಡ್ಡು. ಇಸವಿ ಎರಡು ಸಾವಿರ.

ಆ ವರ್ಷದ ಮೊದಲ ದಿನ ಲೋಕದ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂದು ಹೆದರಿಸಿದ್ದರು. ಏನೂ ಕೆಡಲಿಲ್ಲ. ಕೆಡದಂತೆ ನೋಡಿಕೊಳ್ಳಲು ಬಂದಿದ್ದ ನಮ್ಮವರು ಒಬ್ಬೊಬ್ಬರಾಗಿ ಬೆಂಗಳೂರಿಗೆ ವಾಪಸಾಗತೊಡಗಿದರು. ಟೋಕಿಯೊದಲ್ಲಿ ನಮ್ಮವರೆಲ್ಲ ವಾಸವಿದ್ದ ನಿಶಿ ಕಸಾಯಿ ಎಂಬ ಬಡಾವಣೆಯ ಅಂಗಡಿಯಲ್ಲಿ ತೊಗರಿಬೇಳೆ ಕೊಳ್ಳುವಾಗ ಸಿಗುತ್ತಿದ್ದ ಮುಖಗಳು ಕಡಿಮೆಯಾದವು. ಉಳಿದವರು ಒಬ್ಬರನ್ನೊಬ್ಬರು "ನಿಮ್ದು ಎಲ್ಲೀವರೆಗೆ?" ಎಂದು ಕೇಳಿಕೊಳ್ಳುತ್ತಿದ್ದೆವು, ಬಸ್ಸಿನಲ್ಲಿ ಪಕ್ಕದವರು ಎಲ್ಲಿ ಇಳಿಯುತ್ತಾರೆಂದು ವಿಚಾರಿಸುವ ಹಾಗೆ.

ನನ್ನದೂ ನನ್ನ ಜೊತೆಗಾರನದೂ ಬೇರೆ ಕೆಲಸ. ಗುಂಡಿ ಒತ್ತಿದರೆ ಮೋಟಾರಿನಿಂದ ಹಿಂದೆ ಮುಂದೆ ಸರಿಯುವ ಪವರ್ ಸೀಟಿನ ಕೆಳಗೆ ಒಂದು ಪುಟ್ಟ ಡಬ್ಬಿ ಇರುತ್ತದೆ. ಆ ಡಬ್ಬಿಯೊಳಗಿನ ಪ್ರೋಗ್ರಾಮನ್ನು ನಮ್ಮ ಕಂಪನಿ ಬರೆದುಕೊಟ್ಟಿತ್ತು. ಬರೆದವನು ಆ ಜೊತೆಗಾರ, ಮೈಸೂರಿನವನು, ನನಗಿಂತ ಆರು ವರ್ಷ ಚಿಕ್ಕವನು, ನನ್ನನ್ನು ಅಕ್ಕಾ ಎನ್ನುತ್ತಿದ್ದ. ಓದಿ, ಸರಿಯಿದೆ ಎಂದು ಸಹಿ ಹಾಕಿದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಾಯಲ್ಲಿ ಹೇಳುವಾಗ ಸಾಮಾನ್ಯವಾಗಿ ಇದನ್ನು ಕೊನೆಗೆ ಹೇಳುತ್ತೇನೆ, ಅಥವಾ ಮರೆಯುತ್ತೇನೆ.

ದಿನವೂ ಬೆಳಿಗ್ಗೆ ಎಲ್ಲರೂ ಟೋಕಿಯೊದ ಒಳಕ್ಕೆ ಹೋದರೆ ನಾವಿಬ್ಬರೂ ಹೊರಕ್ಕೆ ಹೋಗುತ್ತಿದ್ದೆವು. ಮೂರು ರೈಲು, ಆಮೇಲೆ ಒಂದು ಬಸ್ಸು. ಎದುರು ದಿಕ್ಕಿನ ರೈಲಾದ್ದರಿಂದ ಕೂರಲು ಜಾಗ ಸಿಗುತ್ತಿತ್ತು. ಅದೊಂದೇ ಸುಖ. ಕೂತ ಕೂಡಲೇ ನಿದ್ದೆ, ಬದಲಾಯಿಸುವ ಸ್ಟೇಷನ್ ಬಂದಾಗ ಹೇಗೋ ಎಚ್ಚರ. ಒಂದು ಸೀಟಿನ ಮೇಲೆ ದೂರು ಬಂದಿದ್ದ ಆ ವಾರ ಮಾತ್ರ ಅವನು ನನಗೆ ನಿದ್ದೆ ಮಾಡಗೊಡಲಿಲ್ಲ.

"ಅಕ್ಕಾ, ಇದು ವೈರ್ ಪ್ರಾಬ್ಲಮ್ಮೇ ಅಲ್ವಾ?"

"ಗೊತ್ತಿಲ್ಲಪ್ಪ."

"ಹಂಗನ್ಬೇಡಿ. ನೀವೇ ಗೊತ್ತಿಲ್ಲ ಅಂದ್ರೆ ಭಯ ಆಗುತ್ತೆ. ಅವಳ ಟಿಕೆಟ್ ಬುಕ್ ಆಗೋಗಿದೆ."

"ನಿನ್ನ ಹೆಂಡ್ತಿ ಟಿಕೆಟ್ ವಿಷಯ ಸೀಟಿಗೆ ಗೊತ್ತಿಲ್ಲವಲ್ಲ."

"ಹೇಳ್ಬಿಡ್ತೀನಿ ಇವತ್ತು, ಬಗ್ಗಿ ಕಿವೀಲಿ. ಮದುವೆ ಆಗಿ ಏಳು ತಿಂಗಳು ಕಣಮ್ಮ, ಒಟ್ಟಿಗಿದ್ದಿದ್ದು ಹದಿನೆಂಟು ದಿನ, ಒಸಿ ಕರುಣೆ ತೋರ್ಸು ಅಂತ."

ಅವನು ತಮಾಷೆ ಮಾಡುತ್ತಿದ್ದ, ಆದರೆ ತಮಾಷೆಯ ಕೆಳಗೆ ಇದ್ದದ್ದು ಇಬ್ಬರಿಗೂ ಗೊತ್ತಿತ್ತು. ಹಿಂದಿನ ವಾರ ಬೆಂಗಳೂರಿನಿಂದ ನಮ್ಮ ಮ್ಯಾನೇಜರು ಫೋನಿನಲ್ಲಿ ನನಗೆ ಹೇಳಿದ್ದರು: "ಸಾಫ್ಟ್‌ವೇರ್‌ದೇ ತಪ್ಪು ಅಂತ ಅವರು ಬರೆದ್ರೆ, ಕೋಡ್ ಬರೆದವನನ್ನ ವಾಪಸ್ ಕರೆಸ್ಕೊಂಡು ಇನ್ನೊಬ್ಬರನ್ನ ಕಳಿಸ್ತೀವಿ. ಕಸ್ಟಮರ್‌ಗೆ ನಾವು ಏನಾದ್ರೂ ಮಾಡಿದೀವಿ ಅಂತ ಕಾಣ್ಬೇಕಲ್ಲ." ಅವನ ವೀಸಾ ಹೋದರೆ ಅದಕ್ಕೆ ಅಂಟಿಕೊಂಡಿದ್ದ ಹೆಂಡತಿಯ ವೀಸಾವೂ ಹೋಗುತ್ತಿತ್ತು. ಅವನು ಆಗಲೇ ಎರಡು ಕೋಣೆಯ ಮನೆ ಹಿಡಿದು, ಕಿಟಕಿಗೆ ಪರದೆ ಹಾಕಿ, ಪ್ರೆಶರ್ ಕುಕ್ಕರಿಗೆ ಸರಿಹೊಂದುವ ಗ್ಯಾಸ್ ಒಲೆ ಹುಡುಕಿ ಸುಸ್ತಾಗಿದ್ದ.

ಶೆಡ್ಡಿನಲ್ಲಿ ನಮ್ಮ ಜೊತೆ ಕೆಲಸ ಮಾಡುತ್ತಿದ್ದವರನ್ನು ಎಲ್ಲರೂ ಹಂಚೋ ಎಂದು ಕರೆಯುತ್ತಿದ್ದರು. ಹಂಚೋ ಎಂದರೆ ಒಂದು ತಂಡದ ಮೇಸ್ತ್ರಿ. ಐವತ್ತೆಂಟೋ ಐವತ್ತೊಂಬತ್ತೋ ವಯಸ್ಸು, ಕುತ್ತಿಗೆಯಲ್ಲಿ ತೆಳು ಟವೆಲು, ಕಿವಿಯ ಮೇಲೆ ಸೀಸದಕಡ್ಡಿ. ಸೀಟಿನ ಕೆಳಗೆ ವೈರುಗಳನ್ನು ಜೋಡಿಸುವ ಕೆಲಸಗಾರರ ಸಾಲಿಗೆ ಅವರೇ ಹಿರಿಯರು. ನಮ್ಮ ಹೆಸರುಗಳು ಅವರ ನಾಲಿಗೆಗೆ ಕೂರಲಿಲ್ಲ, ಹಾಗಾಗಿ ನಾನೂ ಇಂದೋ-ಸಾನ್, ಅವನೂ ಇಂದೋ-ಸಾನ್. ಭಾರತದವರು ಎಂದಷ್ಟೇ ಅರ್ಥ. ಒಬ್ಬರನ್ನು ಕರೆದರೆ ಇಬ್ಬರೂ ತಿರುಗುತ್ತಿದ್ದೆವು, ಅವರು ನಗುತ್ತಿದ್ದರು. ನಮಗೆ ಬರುತ್ತಿದ್ದ ಜಪಾನಿ ಅಷ್ಟಕ್ಕಷ್ಟೆ, ಅವರಿಗೆ ಇಂಗ್ಲಿಷ್ ಇಲ್ಲ. ಉಳಿದದ್ದನ್ನು ಚಿತ್ರ ಬರೆದು ಮುಗಿಸುತ್ತಿದ್ದೆವು. ಮೈಸೂರಿನವನ ಹೆಂಡತಿ ಬರುತ್ತಾಳೆಂದು ತಿಳಿದಾಗ ಅವರು ಒಂದು ಜೊತೆ ಮನೆಯೊಳಗಿನ ಚಪ್ಪಲಿ ತಂದುಕೊಟ್ಟಿದ್ದರು, ನೀಲಿ ಬಟ್ಟೆಯವು, ಚಿಕ್ಕವು. ಅಳತೆ ಹೇಗೆ ಗೊತ್ತಾಯಿತು ಎಂದು ಕೇಳಿದರೆ, "ನೀನು ತೋರಿಸಿದ ಮದುವೆ ಫೋಟೋದಲ್ಲಿ ಪಾದ ಕಾಣುತ್ತಿತ್ತು" ಎಂದರು. ಅವನು ಅವುಗಳನ್ನು ಶೆಡ್ಡಿನ ಮೇಜಿನ ಡ್ರಾಯರಿನಲ್ಲೇ ಇಟ್ಟುಕೊಂಡಿದ್ದ.

ಇನ್ನು ಕಾರಿನ ದೂರು. ಆ ಕಾರನ್ನು ಓಡಿಸುವವರು ಇಬ್ಬರು, ಎತ್ತರದ ಗಂಡ ಮತ್ತು ಕುಳ್ಳಗಿನ ಹೆಂಡತಿ. ಒಂದನೇ ಗುಂಡಿ ಒತ್ತಿದರೆ ಸೀಟು ಗಂಡನಿಗೆ ಬೇಕಾದಷ್ಟು ಹಿಂದಕ್ಕೆ ಹೋಗಬೇಕು, ಎರಡನೆಯದು ಒತ್ತಿದರೆ ಹೆಂಡತಿಗೆ ಬೇಕಾದಷ್ಟು ಮುಂದಕ್ಕೆ ಬರಬೇಕು. ಆದರೆ ಕೆಲವು ಸಲ ಎರಡನೇ ಗುಂಡಿ ಒತ್ತಿದಾಗ ಸೀಟು ನಿಲ್ಲುವ ಜಾಗದಲ್ಲಿ ನಿಲ್ಲದೆ, ಕೊನೆಯವರೆಗೂ ಮುಂದೆ ಬಂದು ಆಕೆಯನ್ನು ಸ್ಟಿಯರಿಂಗಿಗೆ ಒತ್ತುತ್ತಿತ್ತು. ಷೋರೂಮಿನವರು ಮೂರು ಸಲ ನೋಡಿದ್ದರು. ಮೂರು ಸಲವೂ ಚೀಟಿಯಲ್ಲಿ ಒಂದೇ ಮಾತು: ದೋಷ ಮತ್ತೆ ಕಾಣಿಸಲಿಲ್ಲ. ಕೊನೆಗೆ ಕಾರನ್ನೇ ನಮ್ಮಲ್ಲಿಗೆ ಕಳಿಸಿದರು, ಒಂದು ವಾರಕ್ಕೆಂದು.

ಬಾಗಿಲು ತೆರೆದಾಗ ಒಳಗೆ ನೆಲಕ್ಕೆ ಬಿಳಿ ಉಣ್ಣೆಯ ಹಾಸು. ಆ ಮನೆಯವರು ಕಾರಿನೊಳಗೆ ಬೂಟು ಹಾಕುವುದಿಲ್ಲ. ಜಪಾನಿನಲ್ಲಿ ಹಾಗೆ ಕೆಲವರಿದ್ದಾರೆ, ಮನೆಬಾಗಿಲಲ್ಲಿ ಬಿಟ್ಟಂತೆ ಕಾರಿನ ಬಾಗಿಲಲ್ಲೂ ಕಳಚುತ್ತಾರೆ. ಹಂಚೋ "ಸುಮಿಮಾಸೆನ್", ಅಂದರೆ ಕ್ಷಮಿಸಿ, ಎಂದು ಖಾಲಿ ಕಾರಿಗೆ ತಲೆ ತಗ್ಗಿಸಿ, ತಮ್ಮ ಬೂಟು ಕಳಚಿ, ಮೂತಿ ಹೊರಕ್ಕೆ ಮಾಡಿ ನೆಲದ ಮೇಲಿಟ್ಟರು. ನಾವೂ ಹಾಗೇ ಮಾಡಿದೆವು. ಕಾಲ್ಚೀಲದಲ್ಲಿ ಕೆಲಸ ಮಾಡುವುದು ನಮಗೇನೂ ವಿಚಿತ್ರವೆನಿಸಲಿಲ್ಲ, ಹಂಚೋ ಅದನ್ನು ಗಮನಿಸಿ ಮೆಚ್ಚಿದಂತಿತ್ತು. ಮೆಚ್ಚಿದರೋ, ಸುಮ್ಮನೆ ನೋಡಿದರೋ.

ಎರಡೂವರೆ ದಿನ ಏನೂ ಸಿಗಲಿಲ್ಲ. ಆ ದಿನಗಳನ್ನು ವಿವರಿಸಲು ನನಗೆ ಉತ್ಸಾಹವಿಲ್ಲ. ಆಗಲೂ ಇರಲಿಲ್ಲ. ಬ್ಯಾಟರಿಯಿಂದ ಡಬ್ಬಿಗೆ ಎಷ್ಟು ವೋಲ್ಟು ಬರುತ್ತದೆ ಎಂದು ಅಳೆದೆವು, ಸರಿಯಿತ್ತು. ಅರ್ಥಿಂಗ್ ನೋಡಿದೆವು, ಸರಿಯಿತ್ತು. ಸ್ವಿಚ್ಚು ಬದಲಾಯಿಸಿದೆವು. ಡಬ್ಬಿಗೆ ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಗಾಳಿ ಹಿಡಿದೆವು, ಆಮೇಲೆ ಐಸಿನ ಚೀಲ ಇಟ್ಟೆವು. ನಾನು ಟಾರ್ಚು ಹಿಡಿದು ಹಿಂದಿನ ಸೀಟಿನಿಂದ ಬಗ್ಗಿ, ಕೆನ್ನೆಯನ್ನು ಉಣ್ಣೆಗೆ ಒತ್ತಿ, ಕೆಳಗಿನ ವೈರುಗಳನ್ನು ಒಂದೊಂದಾಗಿ ಬೆರಳಲ್ಲಿ ಅಲುಗಿಸಿದೆ. ಮೈಸೂರಿನವನು ಡ್ರೈವರ್ ಸೀಟಿನಲ್ಲಿ ಕೂತು ಒಂದು, ಎರಡು, ಒಂದು, ಎರಡು ಎಂದು ಗುಂಡಿ ಒತ್ತುತ್ತ ಹೋದ. ಹಂಚೋ ಹೊರಗೆ ನಿಂತು ಪ್ರತಿ ಸಲಕ್ಕೂ ಕಾಗದದಲ್ಲಿ ಒಂದು ಗೀಟು ಹಾಕುತ್ತಿದ್ದರು. ಸೀಟು ಹೋಗುತ್ತಿತ್ತು, ಬರುತ್ತಿತ್ತು, ಸರಿಯಾದ ಜಾಗದಲ್ಲೇ ನಿಲ್ಲುತ್ತಿತ್ತು. ಕೆಟ್ಟದ್ದನ್ನು ಸರಿಮಾಡುವುದಕ್ಕಿಂತ ಕೆಡದೇ ಇರುವುದನ್ನು ನೋಡುತ್ತ ಕೂರುವುದು ಹೆಚ್ಚು ದಣಿಸುತ್ತದೆ.

ಮೂರನೇ ದಿನ ಊಟದ ನಂತರ ವಾಪಸ್ ಬಂದಾಗ ನೆಲ ಒದ್ದೆಯಾಗಿತ್ತು. ಬೂಟು ಬಿಡಲು ಒಣಗಿದ ಜಾಗವಿರಲಿಲ್ಲ. ಹಂಚೋ ಒಂದು ರಟ್ಟು ತರಲು ಹೋದರು. ನಾನು ಕಾಯಲಿಲ್ಲ. ಹಿಂದಿನ ಸೀಟಿಗೆ ಹತ್ತಿ, ಎರಡೂ ಬೂಟುಗಳನ್ನು ಕೈಯಲ್ಲಿ ಹಿಡಿದು, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮುಂದಿದ್ದ ಡ್ರೈವರ್ ಸೀಟಿನ ಕೆಳಕ್ಕೆ ತಳ್ಳಿಬಿಟ್ಟೆ. ಮೈಸೂರು ಬಸ್ಸಿನಲ್ಲಿ ಕಾಲು ಮಡಚಿ ಕೂರುವ ಮುಂಚೆ ಚಪ್ಪಲಿಯನ್ನು ತಳ್ಳುವ ಹಾಗೆ, ಯೋಚಿಸದೆ. ಪರೀಕ್ಷೆಗೆ ಬಂದ ಬೇರೆಯವರ ಕಾರಿನಲ್ಲಿ ಮಾಡಬಾರದ ಕೆಲಸ. ಆಮೇಲೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು, "ಒತ್ತು" ಎಂದೆ.

ಅವನು ಒಂದು ಒತ್ತಿದ, ಸೀಟು ಹಿಂದೆ ಬಂತು. ಎರಡು ಒತ್ತಿದ. ಸೀಟು ಮುಂದೆ ಹೋಯಿತು, ಸಣ್ಣಗೆ ಒಮ್ಮೆ ಗೊರಗುಟ್ಟಿತು, ಇನ್ನೂ ಮುಂದೆ ಹೋಯಿತು.

"ಅಕ್ಕಾ."

"ಹೂಂ."

"ಅಕ್ಕಾ, ಇದು ನಿಲ್ತಾ ಇಲ್ಲ. ಮಂಡಿ. ಅಕ್ಕಾ, ನನ್ನ ಮಂಡಿ."

ಹಂಚೋ ರಟ್ಟು ಹಿಡಿದುಕೊಂಡು ಬಂದಾಗ ಅವನು ಸ್ಟಿಯರಿಂಗನ್ನು ತಬ್ಬಿಕೊಂಡಂತೆ ಕೂತಿದ್ದ, ನಾನು ನಗುತ್ತಿದ್ದೆ. ನಗುತ್ತಿದ್ದೆ ಎಂಬುದು ಅವನು ಆಮೇಲೆ ಹೇಳಿದ್ದು. ನನಗೆ ನೆನಪಿರುವುದು ತೆರೆಯ ಮೇಲಿನ ಅಂಕಿಗಳು ಮಾತ್ರ.

ಮೋಟಾರು ಸುತ್ತಿದಾಗಲೆಲ್ಲ ಒಂದು ಸಣ್ಣ ಸೆನ್ಸರು ಡಬ್ಬಿಗೆ ಸುದ್ದಿ ಕಳಿಸುತ್ತದೆ, ಡಬ್ಬಿ ಅದನ್ನು ಎಣಿಸುತ್ತದೆ. ಕಣ್ಣು ಮುಚ್ಚಿ ಹೆಜ್ಜೆ ಎಣಿಸುತ್ತ ಬಾಗಿಲು ತಲುಪುವವರ ಹಾಗೆ. ನನ್ನ ಬೂಟಿನ ಹಿಮ್ಮಡಿಗೆ ಸೆನ್ಸರಿನ ವೈರು ಸಿಕ್ಕಿ, ಸೀಟು ಸರಿದಂತೆ ಎಳೆದು, ಸಂಪರ್ಕ ಬಿಟ್ಟು ಬಿಟ್ಟು ಬರುತ್ತಿತ್ತು. ಹೆಜ್ಜೆಗಳು ತಪ್ಪಿದವು. ಇನ್ನೂ ತಲುಪಿಲ್ಲ ಎಂದುಕೊಂಡು ಡಬ್ಬಿ ಮೋಟಾರನ್ನು ಓಡಿಸುತ್ತಲೇ ಹೋಯಿತು. ಹಂಚೋ ಷೋರೂಮಿಗೆ ಫೋನು ಮಾಡಿ ಕೇಳಿದರು. ಹೌದು, ಮನೆಯವರು ಬೂಟುಗಳನ್ನು ಡ್ರೈವರ್ ಸೀಟಿನ ಕೆಳಗೇ ಇಡುತ್ತಾರೆ. ರಿಪೇರಿಗೆ ಬಿಡುವ ಮುಂಚೆ ಮರ್ಯಾದೆಗೆಂದು ಪ್ರತಿ ಸಲವೂ ತೆಗೆದು ಕಾರನ್ನು ಚೊಕ್ಕ ಮಾಡಿ ಕೊಡುತ್ತಾರೆ.

ಅಂದು ಬೂಟು ಕೆಳಗಿಟ್ಟು ಐದು ಸಲ ಓಡಿಸಿದೆವು. ಎರಡು ಸಲ ಕೆಟ್ಟಿತು, ಮೂರು ಸಲ ಕೆಡಲಿಲ್ಲ. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಕಂಪನಿಯಲ್ಲಿ ದೋಷ ಸಿಕ್ಕಿದರೆ ಸಾಲದು, 'ಏಕೆ' ಎಂದು ಐದು ಸಲ ಕೇಳಿ, ಒಂದರ ಕೆಳಗೊಂದು ಉತ್ತರ ಬರೆಯಬೇಕು. ಐದನೆಯ ಉತ್ತರವೇ ಮೂಲ ಕಾರಣ. ಅದು ಯಾರ ಕೆಲಸಕ್ಕೆ ಸೇರಿದೆಯೋ ಅವರು ಮರುದಿನದ ಸಭೆಯಲ್ಲಿ ಎದ್ದು ನಿಲ್ಲಬೇಕು. ಹಂಚೋ ಹಾಳೆ ಹರಡಿದರು. ಸೀಟು ಏಕೆ ನಿಲ್ಲಲಿಲ್ಲ? ಎಣಿಕೆ ತಪ್ಪಿತು. ಏಕೆ ತಪ್ಪಿತು? ವೈರಿನ ಸಂಪರ್ಕ ಬಿಟ್ಟುಬಿಟ್ಟು ಬಂತು. ಏಕೆ? ಬೂಟು ಎಳೆಯಿತು. ಅಲ್ಲಿಂದ ದಾರಿ ಕವಲಾಯಿತು. ವೈರು ಬೂಟಿಗೆ ಏಕೆ ಸಿಕ್ಕಿತು ಎಂದು ಕೇಳಿದರೆ ಉತ್ತರ ಹಂಚೋ ಅವರ ಸಾಲಿಗೆ ಹೋಗುತ್ತದೆ. ಎಣಿಕೆ ತಪ್ಪಿದ್ದು ಡಬ್ಬಿಗೆ ಏಕೆ ತಿಳಿಯಲಿಲ್ಲ ಎಂದು ಕೇಳಿದರೆ ನಮ್ಮ ಕಡೆಗೆ ಬರುತ್ತದೆ.

ಡಬ್ಬಿಗೆ ತಿಳಿಯಬೇಕಿತ್ತು. ಒಂದೂ ಸುದ್ದಿ ಬಾರದಿದ್ದರೆ ಮೋಟಾರು ನಿಲ್ಲಿಸು ಎಂದು ಅವನು ಬರೆದಿದ್ದ. ಕೆಲವು ಬಂದು ಕೆಲವು ಬಾರದಿದ್ದರೆ ಏನು ಮಾಡಬೇಕೆಂದು ಬರೆದಿರಲಿಲ್ಲ. ನಾನೂ ಕೇಳಿರಲಿಲ್ಲ. ಆ ಮಧ್ಯಾಹ್ನ ತೆರೆಯ ಮೇಲೆ ಅದು ನನಗೆ ಕಂಡಿತು, ಅವನಿಗೂ ಕಂಡಿತು. ಇಬ್ಬರೂ ಕನ್ನಡದಲ್ಲಿ ಮಾತಾಡಿದೆವು, ಹಂಚೋ ಎದುರಿಗೇ ಕೂತಿದ್ದರು.

"ಮೂರು ಲೈನ್ ಅಕ್ಕಾ. ಮೂರು ಲೈನ್ ಹಾಕಿದ್ರೆ ಆಗ್ತಿತ್ತು."

"ಅವರ ಮುಂದೆ ಮುಖ ಸಣ್ಣ ಮಾಡ್ಬೇಡ."

"ಮುಖ ಇರೋದೇ ಇಷ್ಟು." ಹಾಳೆಯನ್ನು ನನ್ನ ಕಡೆ ತಳ್ಳಿ, "ನೀವು ಬರೀರಿ. ನಿಮಗೆ ಹೆಂಗನ್ಸುತ್ತೋ ಹಂಗೇ ಬರೀರಿ. ನಾನೇನೂ ಅಂದ್ಕೊಳಲ್ಲ" ಎಂದ. ಡ್ರಾಯರು ತೆರೆದು ಏನೋ ಹುಡುಕಿ ಮುಚ್ಚಿದ.

ನಾನು ಬರೆಯಲಿಲ್ಲ. ನಾಲ್ಕನೆಯ 'ಏಕೆ'ಯ ಮುಂದೆ ಖಾಲಿ ಬಿಟ್ಟು, ನಾಳೆ ನೋಡೋಣ ಎಂದು ಹಂಚೋಗೆ ಹೇಳಿದೆ. ಅವರು ಹಾಳೆಯನ್ನು ಮಡಚದೆ, ಮೇಜಿನ ಮೇಲೆ ಹಾಗೇ ಇಟ್ಟು, ಮೂಲೆಗೆ ಒಂದು ಸ್ಪ್ಯಾನರು ಇಟ್ಟರು. ವಾಪಸು ರೈಲಿನಲ್ಲಿ ನನಗೆ ನಿದ್ದೆ ಬಂತು, ನಾಚಿಕೆಯಾಗುವಷ್ಟು ಚೆನ್ನಾಗಿ.

ಮರುದಿನ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಹಂಚೋ ಕಾರಿನ ಪಕ್ಕ ಇದ್ದರು. ಸೀಟನ್ನು ಪೂರ್ತಿ ಮುಂದಕ್ಕೆ ಸರಿಸಿ, ಕೆಳಗೆ ದೀಪ ನೇತುಹಾಕಿದ್ದರು.

"ಇಂದೋ-ಸಾನ್, ಇಲ್ಲಿ ನೋಡಿ."

ಇಬ್ಬರೂ ಬಗ್ಗಿದೆವು. ಸೀಟಿನ ಕಬ್ಬಿಣದ ಚೌಕಟ್ಟಿನಲ್ಲಿ ಸಾಲಾಗಿ ತೂತುಗಳಿವೆ. ವೈರಿನ ಕಟ್ಟನ್ನು ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ಪನ್ನು ಮೂರನೇ ತೂತಿಗೆ ಸಿಕ್ಕಿಸಬೇಕು. ಅದು ಎರಡನೆಯದರಲ್ಲಿತ್ತು. ಎರಡನೆಯದರಲ್ಲಿದ್ದರೆ ವೈರು ಹೆಚ್ಚು ಜೋತುಬೀಳುತ್ತದೆ, ಬೂಟಿಗೆ ಸಿಗುತ್ತದೆ.

"ನಮ್ಮ ಕೈತಪ್ಪು," ಎಂದರು ಹಂಚೋ. "ನಾಲ್ಕನೆಯ ಉತ್ತರ: ವೈರು ಜೋತಿತ್ತು. ಐದನೆಯದು: ಕ್ಲಿಪ್ಪು ತಪ್ಪು ತೂತಿನಲ್ಲಿತ್ತು. ಬರೆಯಿರಿ."

ಪ್ರೋಗ್ರಾಮಿನಲ್ಲೂ ಒಂದು ಕೊರತೆ ಇದೆ ಎಂದು ನಾನು ಹೇಳಿದೆ. ಹೇಳಿದೆ ಎಂದು ನಂಬಿದ್ದೇನೆ. ನನ್ನ ಜಪಾನಿಯಲ್ಲಿ ಅದು ಹೇಗೆ ಕೇಳಿಸಿತೋ, ಅಥವಾ ನಾನು ಬಾಯಿ ತೆರೆದು ಅರ್ಧಕ್ಕೇ ನಿಲ್ಲಿಸಿದೆನೋ. ಅವರು ಟವೆಲಿನಿಂದ ಕೈ ಒರೆಸಿಕೊಳ್ಳುತ್ತ, "ಹಾಳೆಯಲ್ಲಿ ಐದೇ ಗೆರೆ ಇರುವುದು," ಎಂದರು. ಕ್ಲಿಪ್ಪನ್ನು ಮೂರನೇ ತೂತಿಗೆ ಹಾಕಿದರು. ನನ್ನ ಬೂಟುಗಳನ್ನೇ ಕೇಳಿ, ಕೆಳಗಿಟ್ಟು, ಮೂರು ಸಲ ಓಡಿಸಿದರು. ಮೂರು ಸಲವೂ ಸೀಟು ನಿಲ್ಲುವ ಜಾಗದಲ್ಲೇ ನಿಂತಿತು.

ಐದರಲ್ಲಿ ಎರಡು ಸಲ ಮಾತ್ರ ಬರುವ ದೋಷಕ್ಕೆ ಮೂರು ಸಲದ ಪರೀಕ್ಷೆ ಏನೂ ಅಲ್ಲ. ಇದು ನನಗೆ ಗೊತ್ತಿತ್ತು, ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನೂರು ಸಲ ಓಡಿಸೋಣ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ನಾಲ್ಕನೆಯ, ಐದನೆಯ ಉತ್ತರಗಳನ್ನು ಬರೆದೆ.

ಸಭೆಯಲ್ಲಿ ಹಂಚೋ ಎದ್ದು ನಿಂತು, ಸೊಂಟದಿಂದ ಬಾಗಿ, ಬಹಳ ಹೊತ್ತು ಹಾಗೇ ಇದ್ದರು. ಮೇಲಿನವರು ಏನೋ ಗಡುಸಾಗಿ ಹೇಳಿದರು, ಪೂರ್ತಿ ಅರ್ಥವಾಗಲಿಲ್ಲ. ನಾನು ಮೇಜನ್ನು ನೋಡುತ್ತಿದ್ದೆ. ಆ ಕ್ಷಣ ನನಗೆ ಏನನ್ನಿಸಿತು ಎಂದು ಬರೆಯಲು ಕೂತರೆ ಈಗ ಅನ್ನಿಸುತ್ತಿರುವುದೇ ಬರುತ್ತದೆ. ಅದನ್ನೂ ಬಿಡುತ್ತೇನೆ.

ಮೈಸೂರಿನವನ ಹೆಂಡತಿ ಬಂದಳು. ಒಂದು ಭಾನುವಾರ ಊಟಕ್ಕೆ ಕರೆದರು. ಬೇಳೆಸಾರು, ಜಪಾನಿ ಬದನೆಕಾಯಿಯ ಪಲ್ಯ. ಬಾಗಿಲಲ್ಲೇ ಆಕೆಯ ಕಾಲಲ್ಲಿ ಆ ನೀಲಿ ಚಪ್ಪಲಿ ಕಂಡಿತು. ಸ್ವಲ್ಪ ದೊಡ್ಡದಾಗಿತ್ತು, ನಡೆಯುವಾಗ ಹಿಂದೆ ಪಟಪಟ ಎನ್ನುತ್ತಿತ್ತು. ಆಕೆ ಬಡಿಸುತ್ತ, "ಇವರು ಫೋನಲ್ಲಿ ಒಂದೇ ಮಾತು, ಬರೋದು ಗ್ಯಾರಂಟಿ ಇಲ್ಲ, ಸೂಟ್‌ಕೇಸ್ ಕಟ್ಬೇಡ ಅಂತ. ಏನಾಗಿತ್ತು ಅಕ್ಕಾ?" ಎಂದು ಕೇಳಿದಳು. "ಒಂದು ಸೀಟ್ ಕೆಟ್ಟಿತ್ತು," ಎಂದೆ. ಅವನು ಪಲ್ಯದ ಬಟ್ಟಲನ್ನು ನನ್ನ ಕಡೆ ತಳ್ಳಿದ. ಮುಂದಿನ ತಿಂಗಳ ಪ್ರೋಗ್ರಾಮಿನಲ್ಲಿ ಅವನು ಆ ಮೂರು ಸಾಲು ಸೇರಿಸಿದ್ದ, ಸಣ್ಣಪುಟ್ಟ ಸುಧಾರಣೆ ಎಂಬ ತಲೆಬರಹದ ಕೆಳಗೆ. ನಾನು ಓದಿ ಸಹಿ ಹಾಕಿದೆ.

ಚಳಿಗಾಲದ ಹೊತ್ತಿಗೆ ಹಂಚೋ ಆ ಸಾಲಿನಲ್ಲಿರಲಿಲ್ಲ. ಬಿಡಿಭಾಗಗಳ ಗೋದಾಮಿಗೆ ಹೋಗಿದ್ದರು. ನಿವೃತ್ತಿಗೆ ಹತ್ತಿರವಾದವರನ್ನು ಅಲ್ಲಿಗೆ ಕಳಿಸುವುದು ವಾಡಿಕೆ ಎಂದು ಒಬ್ಬರು ಹೇಳಿದರು. ಅದಕ್ಕೂ ಕ್ಲಿಪ್ಪಿಗೂ ಸಂಬಂಧವಿತ್ತೋ ಇಲ್ಲವೋ. ಒಮ್ಮೆ ಬಸ್ ಸ್ಟಾಪಿನಲ್ಲಿ ಸಿಕ್ಕಿದರು. "ಓಹ್, ಇಂದೋ-ಸಾನ್" ಎಂದು ನಕ್ಕು, ಇನ್ನೊಬ್ಬ ಇಂದೋ-ಸಾನ್ ಹೆಂಡತಿಗೆ ಚಪ್ಪಲಿ ಸರಿಯಾಯಿತೇ ಎಂದು ಕೇಳಿದರು. ಸರಿಯಾಯಿತು ಎಂದೆ. ಕ್ಲಿಪ್ಪಿನ ಬಗ್ಗೆ ಕೇಳಲು ಬಸ್ಸು ಬರುವವರೆಗೂ ಸಮಯವಿತ್ತು.

ಆ ವಾರದ ನೋಟ್‌ಬುಕ್ ಇನ್ನೂ ನನ್ನ ಬಳಿ ಇದೆ. ಮೊದಲ ದಿನದ ಪುಟದಲ್ಲಿ ಸೀಟಿನ ಕೆಳಭಾಗದ ಚಿತ್ರವಿದೆ, ನನ್ನದೇ ಕೈಬರಹ, ಕ್ಲಿಪ್ಪು ಮೂರನೇ ತೂತಿನಲ್ಲಿದೆ. ಮೊದಲ ಸಲ ಇದನ್ನು ಕಂಡಾಗ, ಕ್ಲಿಪ್ಪು ಸರಿಯಾಗಿಯೇ ಇತ್ತು, ನಾನು ಹಾಳೆ ಖಾಲಿ ಬಿಟ್ಟ ರಾತ್ರಿ ಯಾವಾಗಲೋ, ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳಲು, ಹಂಚೋ ಅವರೇ ಅದನ್ನು ಎರಡನೇ ತೂತಿಗೆ ಸರಿಸಿದರು ಎಂದುಕೊಂಡೆ. ಕೆಲವು ವರ್ಷ ಹಾಗೇ ನಂಬಿದ್ದೆ. ಆಮೇಲೆ ಗಮನಿಸಿದೆ: ಚಿತ್ರದಲ್ಲಿ ಸೀಟಿನ ಮೇಲಿನಿಂದ ನೋಡಿದ ಕೋನವಿದೆ. ನಾನು ನೋಡಿದ್ದು ಕೆನ್ನೆಯನ್ನು ನೆಲಕ್ಕೆ ಒತ್ತಿ, ಕೆಳಗಿನಿಂದ. ಅಂದರೆ ಆ ಚಿತ್ರವನ್ನು ಸೀಟು ನೋಡಿ ಬರೆದದ್ದಲ್ಲ, ಕಂಪನಿಯ ನಕ್ಷೆಯನ್ನು ನೋಡಿ ಬರೆದದ್ದು. ನಕ್ಷೆಯಲ್ಲಿ ಕ್ಲಿಪ್ಪು ಯಾವಾಗಲೂ ಸರಿಯಾದ ತೂತಿನಲ್ಲೇ ಇರುತ್ತದೆ.

ಹಾಗಾದರೆ ಹಂಚೋ ಹೇಳಿದ್ದು ನಿಜವಿರಬಹುದು. ಇಲ್ಲದಿರಬಹುದು. ನಾನು ಟಾರ್ಚು ಹಿಡಿದು, ಆ ಕ್ಲಿಪ್ಪನ್ನು ಬೆರಳಿನಿಂದ ಮುಟ್ಟಿ ಅಲುಗಿಸಿದ್ದೇನೆ. ಮೊದಲ ದಿನ ಅದು ಯಾವ ತೂತಿನಲ್ಲಿತ್ತೋ ನನಗೆ ಗೊತ್ತಿಲ್ಲ.